ಬೀಗಿತ್ತಿಯರ ಏಳು ಚಿತ್ರ

ನಮ್ಮ ಊರಿನಲ್ಲಿ ಮದುವೆಯ ಕರೆಯೋಲೆಗಳನ್ನು ಎರಡು ಕಂತೆಯಾಗಿ ಅಚ್ಚು ಹಾಕಿಸುತ್ತಾರೆ. ಒಂದರಲ್ಲಿ ವರನ ಹೆಸರು ಮಾತ್ರ, ಇನ್ನೊಂದರಲ್ಲಿ ವಧುವಿನ ಹೆಸರು ಮಾತ್ರ. ಎರಡನ್ನೂ ಒಂದೇ ಲಕೋಟೆಯಲ್ಲಿಟ್ಟು ಹಂಚುತ್ತಾರೆ. ಒಂದು ಕೆಲಸಕ್ಕೆ ಎರಡು ಹೆಸರು ಸೇರಿಸಿ ಬರೆದರೆ ಎರಡನೆಯದು ಮರುದಿನ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಕಾಗದ ಹರಿದಿರುವುದಿಲ್ಲ, ಮಸಿ ಕದಡಿರುವುದಿಲ್ಲ. ಬರೆಯುವ ಮೊದಲು ಆ ಜಾಗ ಹೇಗಿತ್ತೋ ಹಾಗೆ ಇರುತ್ತದೆ. ಪಾಲುದಾರರು ಅಂಗಡಿ ಇಟ್ಟರೆ ಫಲಕದಲ್ಲಿ ಒಬ್ಬರ ಹೆಸರು ಬರೆಸಿ ಪಕ್ಕಕ್ಕೆ 'ಮತ್ತು ಕಂಪನಿ' ಎಂದು ಹಾಕುತ್ತಾರೆ. ಶಾಲೆಯಲ್ಲಿ ಇಬ್ಬರು ಮಕ್ಕಳಿಗೆ ಮೊದಲ ಬಹುಮಾನ ಬಂದರೆ ಎರಡು ಬೆಳ್ಳಿ ಬಟ್ಟಲು ತರಿಸುತ್ತಾರೆ. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಒಂದು ವರದಿಗೆ ಇಬ್ಬರು ಓಡಾಡಿದ್ದರೂ ಒಬ್ಬರ ಹೆಸರೇ ಬರುತ್ತದೆ. ಯಾರದೆಂದು ಎದುರಿನ ಚಹಾದಂಗಡಿಯಲ್ಲಿ ತೀರ್ಮಾನವಾಗುತ್ತದೆ.

ಹೊರಗಿನವರು ಇದಕ್ಕೆ ಉಪಾಯ ಹೇಳಿಕೊಡುತ್ತಾರೆ. ಎಲ್ಲವನ್ನೂ ಮಾಡಿ ನೋಡಿದ್ದೇವೆ. ಹೆಸರುಗಳನ್ನು ಚಕ್ರದ ಹಾಗೆ ಸುತ್ತಿಸಿ ಬರೆದರೆ ಆಮೇಲೆ ಬರೆದದ್ದು ಹೋಗುತ್ತದೆ. ಇಬ್ಬರು ಒಂದೇ ಕ್ಷಣಕ್ಕೆ ಬರೆದರೆ ಎರಡೂ ಹೋಗುತ್ತವೆ. ಕಲ್ಲಿನಲ್ಲಿ ಕೆತ್ತಿದರೆ ಕಲ್ಲು ನಯವಾಗುತ್ತದೆ. ಈ ಬರಹ ಅಚ್ಚಾಗುತ್ತಿರುವುದು ಬೇರೆ ಊರಿನಲ್ಲಿ. ಹಾಗಾಗಿ ಇದರಲ್ಲಿ ಎರಡೂ ಹೆಸರು ನಿಲ್ಲುತ್ತವೆ ಎಂದುಕೊಂಡಿದ್ದೇನೆ.

ಆ ಹೆಸರುಗಳು ಹಾಲಮ್ಮ ಮತ್ತು ಸರ್ವಮಂಗಳಾ. ಹಾಲಮ್ಮ ಮೇಲಿನ ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದವರು. ಸರ್ವಮಂಗಳಾ ಸ್ಟೇಷನ್ ಕಡೆಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಹಾಲಮ್ಮನವರ ಮಗನಿಗೆ ಸರ್ವಮಂಗಳಾ ಅವರ ಮಗಳನ್ನು ತಂದರು. ಹೀಗೆ ಇಬ್ಬರೂ ಬೀಗಿತ್ತಿಯರಾದರು. ಕೊಡುವ ಸೀರೆಯಿಂದ ಹಿಡಿದು ಊಟದ ಪಂಕ್ತಿಯವರೆಗೆ ಯಾವುದರಲ್ಲೂ ಇವರಿಗೆ ಹೊಂದಿಕೆಯಾಗಲಿಲ್ಲ. ಮದುವೆಯ ವಿಡಿಯೋ ಬಂದಾಗ ಮಾತ್ರ ಮೊದಲ ಸಲ ಒಂದೇ ಮಾತು ಆಡಿದರಂತೆ. ಮೂರು ಗಂಟೆ ಬರೀ ವೇದಿಕೆ ತೋರಿಸಿದ್ದಾನೆ, ಅಡುಗೆಯ ಕಡೆ ಏನು ನಡೆಯಿತು, ಹೆಣ್ಣಿನ ಚಿಕ್ಕಪ್ಪ ಯಾಕೆ ಎದ್ದು ಹೋದ, ಒಂದೂ ಇಲ್ಲ ಎಂದು. ಮರುವರ್ಷ ಇಬ್ಬರೂ ಸೇರಿ ಒಂದು ಹಳೆಯ ಫಿಲ್ಮ್ ಕ್ಯಾಮೆರಾ ಕೊಂಡರು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಚಿತ್ರ ಮಾಡಿದರು.

ಏಳನ್ನೂ ಮೊದಲ ಪ್ರದರ್ಶನದಲ್ಲಿ ನೋಡಿದವನು ನಾನು, ಏಳಕ್ಕೂ ವಿಮರ್ಶೆ ಬರೆದವನೂ ನಾನೇ. 'ಮೂರು ಗಂಟೆ ನಲ್ಲಿ' ಎಂಬ ಚಿತ್ರದಲ್ಲಿ ಬೀದಿಯ ನಲ್ಲಿಯ ಮುಂದೆ ಕೊಡಗಳ ಸಾಲಿದೆ. ಹನ್ನೊಂದು ವರ್ಷದಿಂದ ಮಾತು ಬಿಟ್ಟ ಇಬ್ಬರು ನೆರೆಯವರು ಒಬ್ಬರ ಕೊಡವನ್ನು ಇನ್ನೊಬ್ಬರು ಹಿಂದೆ ಮುಂದೆ ಸರಿಸುತ್ತಲೇ ಜಗಳವಾಡುತ್ತಾರೆ, ರಾಜಿಯಾಗುತ್ತಾರೆ. ಒಂದು ಮುಖವೂ ಕಾಣುವುದಿಲ್ಲ. ಕ್ಯಾಮೆರಾದ ದ್ಯಾಮಣ್ಣ ಇಪ್ಪತ್ತೆರಡು ದಿನ ಬೀದಿಯಲ್ಲಿ ಬೋರಲು ಮಲಗಿ ಕೊಡದ ಎತ್ತರದಲ್ಲೇ ಅದನ್ನು ತೆಗೆದರು. 'ಗಾಜಿನ ಬಳೆ ಲಾರಿ'ಯಲ್ಲಿ ಒಬ್ಬ ಚಾಲಕ ಕೆಟ್ಟ ರಸ್ತೆಯಲ್ಲಿ ನಲವತ್ತು ಮೈಲಿ ಬಳೆ ಸಾಗಿಸುತ್ತಾನೆ. ಬಳೆಗಳು ಒಮ್ಮೆಯೂ ಕಾಣುವುದಿಲ್ಲ, ಕೇಳುತ್ತವೆ. ಶಬ್ದ ಹಿಡಿಯುತ್ತಿದ್ದ ಇಮಾಮ್ ಸಾಬರು ಕೈಗಾಡಿಯ ಅಡಿಯಲ್ಲಿ ನಾಲ್ಕು ಡಜನ್ ಬಳೆ ಕಟ್ಟಿ ಕಲ್ಲುಹಾಸಿನ ಮೇಲೆ ಎಳೆದು ಆ ಸದ್ದು ಮಾಡಿದ್ದರು. ಕೊನೆಯಲ್ಲಿ ಅಂಗಡಿಯವನು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕುತ್ತಾನೆ. ತೆಗೆಯುವ ಮೊದಲೇ ಚಿತ್ರ ಮುಗಿಯುತ್ತದೆ. ಎಷ್ಟು ಒಡೆದಿವೆ ಎಂದು ನಮಗೆ ಆಗಲೇ ಗೊತ್ತಿರುತ್ತದೆ. ಸಂಕಲನ ಮಾಡುತ್ತಿದ್ದ ರೋಸ್ಲಿನ್ ಯಾವ ದೃಶ್ಯವನ್ನೂ ಜನ ಎದ್ದು ಹೋದ ಕೂಡಲೇ ಕತ್ತರಿಸುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಜನ ಹೋದ್ಮೇಲೂ ಕೋಣೆ ಅಲ್ಲೇ ಇರ್ತದಲ್ಲ, ಅದಕ್ಕೆ ಮರ್ಯಾದೆ ಬೇಡ್ವಾ" ಎಂದಿದ್ದರು.

ದ್ಯಾಮಣ್ಣ, ಇಮಾಮ್ ಸಾಬ್, ರೋಸ್ಲಿನ್ ಮೂವರಿಗೂ ಒಂದೊಂದು ಕೆಲಸ; ಅವರ ಹೆಸರುಗಳು ತೆರೆಯ ಮೇಲೆ ಭದ್ರವಾಗಿ ನಿಂತವು. ತೊಂದರೆ ಇದ್ದದ್ದು ತೆರೆಯ ಮೇಲೆ ನಿರ್ದೇಶಕರ ಹೆಸರು ಬರುವ ಹಲಗೆಗೆ. ಮೊದಲ ಚಿತ್ರದಲ್ಲಿ ಇಬ್ಬರ ಹೆಸರನ್ನೂ ಹಾಕಿದ್ದರು. ಎರಡನೆಯ ದಿನದ ಆಟದಲ್ಲಿ ಸರ್ವಮಂಗಳಾ ಹೆಸರಿನ ಜಾಗ ಖಾಲಿಯಿತ್ತು. ಹಾಲಮ್ಮ ಪ್ರೊಜೆಕ್ಟರ್ ಕೋಣೆಗೆ ಹೋಗಿ, ತನ್ನ ಹೆಸರನ್ನೂ ಕತ್ತರಿಸಿ ತೆಗೆಯುವಂತೆ ರೋಸ್ಲಿನ್‌ಗೆ ಹೇಳಿದರು. ಅಲ್ಲಿಂದ ಮುಂದಿನ ಆರು ಚಿತ್ರಗಳಲ್ಲಿ 'ನಿರ್ದೇಶನ' ಎಂಬ ಪದ ಬಂದು, ಅದರ ಕೆಳಗೆ ಹತ್ತು ಸೆಕೆಂಡು ಏನೂ ಇರುತ್ತಿರಲಿಲ್ಲ. ಜನ ಆ ಖಾಲಿಗೆ ಚಪ್ಪಾಳೆ ತಟ್ಟುತ್ತಿದ್ದರು. ಮೇಲಿನ ಪೇಟೆಯವರು ಹಾಲಮ್ಮನವರಿಗೆಂದು ತಟ್ಟುತ್ತಿದ್ದರು, ಸ್ಟೇಷನ್ ಕಡೆಯವರು ಸರ್ವಮಂಗಳಾ ಅವರಿಗೆಂದು.

ನಾನು ಇಲ್ಲಿ ಒಂದು ತಪ್ಪು ಮಾಡಿದೆ. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣವಾದ್ದರಿಂದ ವಿವರವಾಗಿ ಹೇಳಬೇಕು. ನಾಲ್ಕನೆಯ ಚಿತ್ರದ ಹೊತ್ತಿಗೆ, ಇಬ್ಬರಲ್ಲಿ ನಿಜವಾದ ನಿರ್ದೇಶಕರು ಯಾರೆಂದು ಪತ್ತೆ ಮಾಡಬೇಕೆಂಬ ಹಟ ನನಗೆ ಹತ್ತಿತು. ಚಿತ್ರೀಕರಣದ ಜಾಗಕ್ಕೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಮಧ್ಯಾಹ್ನದ ಊಟಕ್ಕೆ ಮಾತ್ರ ಬಿಡುತ್ತಿದ್ದರು. ಪ್ರತಿದಿನ ಇಬ್ಬರಲ್ಲಿ ಒಬ್ಬರು ಇಡೀ ತಂಡಕ್ಕೆ ಅಡುಗೆ ಮಾಡುತ್ತಾರೆ, ಇನ್ನೊಬ್ಬರು ಕ್ಯಾಮೆರಾದ ಪಕ್ಕದಲ್ಲಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹಾಲಮ್ಮನವರ ಕೈ ಅಡುಗೆ ಇಡೀ ಊರಿಗೆ ಗೊತ್ತು. ಸರ್ವಮಂಗಳಾ ಮಾಡಿದ ಸಾರನ್ನು ಒಮ್ಮೆ ಉಂಡವರು ಮರೆಯುವುದಿಲ್ಲ, ಆದರೆ ಅದಕ್ಕೆ ಕಾರಣ ಬೇರೆ. ನಾನು ಇಪ್ಪತ್ತಾರು ದಿನ ಅಲ್ಲಿ ಉಂಡೆ. ಹದಿನೆಂಟು ದಿನ ಊಟ ಚೆನ್ನಾಗಿತ್ತು, ಎಂಟು ದಿನ ಇರಲಿಲ್ಲ. ಹಾಗಾದರೆ ಹದಿನೆಂಟು ದಿನ ಹಾಲಮ್ಮ ಒಲೆಯ ಮುಂದಿದ್ದರು, ಚಿತ್ರ ತೆಗೆದವರು ಸರ್ವಮಂಗಳಾ. 'ಇಬ್ಬರಲ್ಲಿ ನಿರ್ದೇಶಕರು ಯಾರು?' ಎಂಬ ತಲೆಬರಹದಲ್ಲಿ ಅರ್ಧ ಪುಟದ ಲೇಖನ ಬರೆದೆ. ಚಿತ್ರ ಬಹುಪಾಲು ಸರ್ವಮಂಗಳಾ ಅವರದು, ಹಾಲಮ್ಮನವರ ಕೊಡುಗೆ ಹೆಚ್ಚಾಗಿ ಅಡುಗೆಯದು ಎಂದು ತೀರ್ಪು ಕೊಟ್ಟೆ. ಒಬ್ಬರು ಒಂದು ವಾಕ್ಯದಲ್ಲಿ, ಇನ್ನೊಬ್ಬರು ಬೇರೆ ವಾಕ್ಯದಲ್ಲಿ ಬೇರೆ ಕೆಲಸಕ್ಕೆ ಇದ್ದುದರಿಂದ ಎರಡೂ ಹೆಸರು ಅಳಿಯದೆ ಉಳಿದವು. ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.

ಹಾಲಮ್ಮ ಹೇಳಿ ಕಳಿಸಿದರು. ಹೋದಾಗ ಬೀಗಿತ್ತಿಯರಿಬ್ಬರೂ ಖಾನಾವಳಿಯ ಹಿಂದಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಬಾ ತಮ್ಮ, ಕೂತ್ಕೋ" ಎಂದರು ಹಾಲಮ್ಮ. "ಇಪ್ಪತ್ತಾರು ದಿನ ಉಂಡಿದೀಯ. ಒಂದಿನಾದ್ರೂ, ಅಡುಗೆ ಯಾಕೆ ಇವತ್ತು ಇವ್ರು ಮಾಡಿದ್ರು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಸರದಿ ಇರಬೇಕು ಎಂದುಕೊಂಡಿದ್ದೆ, ಹಾಗೆಂದೆ.

"ಸರದಿ ಅಲ್ಲ. ದೃಶ್ಯ ಯಾರಿಗೆ ಹೊಳೀತೋ ಅವ್ರು ಒಲೆ ಮುಂದೆ. ಹೊಳೀದೆ ಇದ್ದೋರು ಕ್ಯಾಮೆರಾ ಹತ್ರ. ಮೊದ್ಲಿಂದ ಹಂಗೇ."

ನಾನು ಬೆರಳು ಮಡಿಚಿ ಲೆಕ್ಕವನ್ನು ತಿರುಗಿಸಲು ನೋಡಿದೆ. ಹಾಗಾದರೆ ಆ ಹದಿನೆಂಟು ದಿನದ ದೃಶ್ಯಗಳೆಲ್ಲ ಹಾಲಮ್ಮನವರ ಯೋಚನೆ.

"ಬೇಡ, ಮತ್ತೆ ಎಣಿಸ್ಬೇಡ" ಎಂದು ಸರ್ವಮಂಗಳಾ ನನ್ನ ಕೈಯ ಮೇಲೆ ಒಂದು ಅವರೆಕಾಯಿ ಎಸೆದರು. "ಹೊಳೆದೋರು ಅಲ್ಲೇ ನಿಂತ್ರೆ ಅವ್ರ ತಲೇಲಿರೋದನ್ನೇ ನೋಡ್ತಾರೆ, ಎದುರಿಗಿರೋದನ್ನ ನೋಡಲ್ಲ. ಬೀಗ್ತೇರಿಗೆ ನನ್ನ ತಲೇಲಿ ಏನೈತೆ ಅಂತ ಪೂರ್ತಿ ಗೊತ್ತಾಗಲ್ಲ. ಅದಕ್ಕೆ ಎದುರಿಗೆ ಏನೈತೋ ಅದನ್ನ ನೋಡ್ತಾರೆ."

"ತಲೇಲಿ ಏನಾದ್ರೂ ಇದ್ರೆ ಗೊತ್ತಾಗ್ತಿತ್ತು ಬಿಡ್ರಿ" ಎಂದರು ಹಾಲಮ್ಮ.

"ಇರೋದಕ್ಕೇ ಬೀಗ್ತೇರೇ ನಿಮ್ಮ ಮನೆಗೆ ಹೆಣ್ಣು ಕೊಟ್ಟಿದ್ದು. ಇಲ್ಲದಿದ್ರೆ ನಿಮ್ಮ ಮನೇಲಿ ತಲೆ ಇರೋರು ಒಬ್ರೂ ಇರ್ತಿರಲಿಲ್ಲ."

ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆ. ಎರಡು ಹೆಸರು ಹಾಕಿದರೆ ಒಂದು ಹೋಗುತ್ತದೆ. ಹಾಗಾಗಿ 'ಈ ಚಿತ್ರದ ಪ್ರತಿ ದೃಶ್ಯವನ್ನೂ ಅವರು ನಿರ್ದೇಶಿಸಿದ್ದಾರೆ' ಎಂದು ಬರೆದೆ. 'ಅವರು' ಎಂದರೆ ಒಬ್ಬರೂ ಆಗಬಹುದು, ಇಬ್ಬರೂ ಆಗಬಹುದು. ಊರಿನ ನಿಯಮಕ್ಕೆ ಸಿಕ್ಕಿಕೊಳ್ಳದ ಪದ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಸರ್ವಮಂಗಳಾ ಪತ್ರಿಕೆ ಹಿಡಿದುಕೊಂಡು ಕಚೇರಿಗೇ ಬಂದರು.

"ಈ ಅವರು ಯಾರಪ್ಪ?"

"ನೀವಿಬ್ರೂ ಅಮ್ಮ."

"ಮೇಲಿನ ಪೇಟೆಯೋರು ಹಾಲಮ್ಮನೋರು ಅಂತ ಓದ್ಕೊಂಡ್ರು. ನಮ್ಮ ಕಡೆಯೋರು ನಾನು ಅಂತ ಓದ್ಕೊಂಡ್ರು. ಒಬ್ರಾದ್ರೂ ಇಬ್ರು ಅಂತ ಓದ್ಲಿಲ್ಲ. ನೀನು ಬರ್ದಿರೋದು ಮರ್ಯಾದೆ ತಮ್ಮ, ಲೆಕ್ಕ ಅಲ್ಲ."

'ಇಬ್ಬರು' ಎಂದಾದರೂ ಬರೆಯಬಹುದಿತ್ತು. ನನಗೆ ಅದು ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಕನ್ನಡದಲ್ಲಿ ಸುದ್ದಿ ಬರೆದವನಿಗೆ ಹೊಳೆಯಬೇಕಿತ್ತು.

ಏಳನೆಯ ಚಿತ್ರವಾದ ಮೇಲೆ ಹಾಲಮ್ಮನವರ ಮಂಡಿ ಕೈಕೊಟ್ಟಿತು, ಇಬ್ಬರೂ ಚಿತ್ರ ನಿಲ್ಲಿಸಿದರು. ರೀಲುಗಳು ಖಾನಾವಳಿಯ ಅಟ್ಟದ ಮೇಲಿದ್ದವು. ಕೆಳಗೆ ದಿನವಿಡೀ ಒಲೆ. ಒಂದು ದಿನ ರೋಸ್ಲಿನ್ ಡಬ್ಬಿಗಳನ್ನು ತೆರೆದು ನೋಡಿ ಹುಳಿ ವಾಸನೆ ಬರುತ್ತಿದೆ ಎಂದರು. ಫಿಲ್ಮ್ ಕೊಳೆಯಲು ಶುರುವಾದಾಗ ಬರುವ ವಾಸನೆ ಅದು. ಎರಡನೆಯ ಚಿತ್ರದ ಅಂಚುಗಳು ಆಗಲೇ ಸುರುಟಿಕೊಂಡಿದ್ದವು. ತಂಪಿನಲ್ಲಿ ಇಡದಿದ್ದರೆ ಎರಡು ಬೇಸಿಗೆ ತಡೆಯುವುದಿಲ್ಲ ಎಂಬುದು ಅವರ ಅಂದಾಜು.

ಅದೇ ವರ್ಷ ಪುರಸಭೆ ಹಳೆಯ ಚಿತ್ರಗಳಿಗಾಗಿ ಒಂದು ತಂಪು ಕೋಣೆ ಕಟ್ಟಿಸಿತ್ತು. ಮುಖ್ಯಾಧಿಕಾರಿ ಓಂಕಾರಪ್ಪ ಕೆಟ್ಟ ಮನುಷ್ಯರಲ್ಲ. ಆ ಕೋಣೆಗಾಗಿ ನಾಲ್ಕು ವರ್ಷ ಮೇಲಿನವರ ಬಾಗಿಲು ತಟ್ಟಿದವರು ಅವರೇ. ಅದರ ಹೊರಗೋಡೆಯ ಮೇಲೆ, ಪುರಸಭೆಯ ಪಡಸಾಲೆಯ ಕಡೆಗೆ, ಒಳಗಿನ ಪ್ರತಿ ಪೆಟ್ಟಿಗೆಗೂ ಒಂದರಂತೆ ಹಿತ್ತಾಳೆಯ ಚೌಕಟ್ಟಿನಲ್ಲಿ ಒಂದು ಚೀಟಿ. ಒಂಬತ್ತನೆಯ ನಿಯಮ ಹೀಗಿದೆ: ಬೆಳಿಗ್ಗೆ ಹತ್ತು ಗಂಟೆಗೆ ಕೋಣೆಯ ಬಾಗಿಲು ತೆರೆದಾಗ ಚೀಟಿಯ ಮೇಲೆ ಓದಲು ಸಿಗುವ ಹೆಸರೇ ಆ ಚಿತ್ರದ ನಿರ್ದೇಶಕರ ಹೆಸರು. ಹೆಸರಿಲ್ಲದ ಪೆಟ್ಟಿಗೆಯನ್ನು ಒಳಗೆ ಇಡುವಂತಿಲ್ಲ.

ಓಂಕಾರಪ್ಪ ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ಹಳೆಯ ಲೇಖನವಿತ್ತು, ಅದರಲ್ಲಿ ಎರಡು ಕಡೆ ಕೆಂಪು ಗೆರೆ ಎಳೆದಿದ್ದರು.

"ಈ ಚಿತ್ರಗಳ ಬಗ್ಗೆ ಗೊತ್ತಿರೋರು ಒಬ್ರು ದೃಢೀಕರಣ ಬರ್ದು ಕೊಡ್ಬೇಕು ಸಾರ್, ಯಾವುದು ಯಾರದು ಅಂತ. ನೀವೇ ಲೆಕ್ಕ ಹಾಕಿದೀರಿ. ಹದಿನೆಂಟು, ಎಂಟು. ಆ ಪ್ರಕಾರ ಏಳರಲ್ಲಿ ಐದು ಸರ್ವಮಂಗಳಮ್ಮನೋರದು, ಎರಡು ಹಾಲಮ್ಮನೋರದು. ಇಬ್ರಿಗೂ ನ್ಯಾಯ ಆಗ್ತದೆ."

"ಆ ಲೇಖನ ತಪ್ಪು. ತಿದ್ದುಪಡಿ ಬಂದಿದೆ."

"ನೋಡಿದೀನಿ ಸಾರ್. ಅದ್ರಲ್ಲಿ ಅವರು ಅಂತ ಐತೆ. ಅವರು ಅಂದ್ರೆ ಒಬ್ರು ತಾನೇ?"

ನಾನು ಲೇಖನವನ್ನು ಮೇಜಿನ ಮೇಲೆ ಮಗುಚಿಟ್ಟೆ.

"ಐದು ಎರಡು ಬೇಡಾಂದ್ರೆ ಏಳೂ ಒಬ್ರದ್ದೇ ಆಗ್ಲಿ" ಎಂದರು ಓಂಕಾರಪ್ಪ ಸಮಾಧಾನದ ದನಿಯಲ್ಲಿ. "ಇನ್ನೊಬ್ರಿಗೆ ಟೌನ್ ಹಾಲಲ್ಲಿ ಶಾಲು ಹೊದಿಸ್ತೀವಿ. ಒಳ್ಳೇ ಶಾಲು."

ಅಲ್ಲೇ ಕುಳಿತು ಒಂದು ಕಾಗದ ಕೇಳಿ ಬರೆದುಕೊಟ್ಟೆ: ಈ ಏಳೂ ಚಿತ್ರಗಳ ಪ್ರತಿ ದೃಶ್ಯವನ್ನೂ ಇಬ್ಬರು ನಿರ್ದೇಶಿಸಿದ್ದಾರೆ, ಬೇರ್ಪಡಿಸಿ ಹೇಳಲು ಸಾಧ್ಯವಿಲ್ಲ, ಹಾಗೆ ಬೇರ್ಪಡಿಸಿ ನಾನು ಹಿಂದೆ ಬರೆದದ್ದು ಸುಳ್ಳು. ಕೆಳಗೆ ಸಹಿ ಹಾಕಿದೆ. ಓಂಕಾರಪ್ಪ ಓದಿ, "ಇದ್ರಿಂದ ನಂಗೇನು ಉಪಯೋಗ ಸಾರ್? ಚೀಟಿಗೆ ಹೆಸರು ಬೇಕು" ಎಂದರು. ಅದು ನಿಜವೇ ಆಗಿತ್ತು.

ಸಂಜೆ ಖಾನಾವಳಿಯಲ್ಲಿ ಎಲ್ಲರೂ ಸೇರಿದೆವು. ಹಾಲಮ್ಮನವರದು ಒಂದೇ ಮಾತು. "ಎರಡೂ ಹೆಸರು ಇರಲಿ. ಇಲ್ಲಾಂದ್ರೆ ಅಟ್ಟದ ಮೇಲೇ ಕೊಳೀಲಿ."

"ಕೊಳೀಲಿ ಅನ್ನೋದು ಸುಲಭ ಬೀಗ್ತೇರೆ" ಎಂದರು ಸರ್ವಮಂಗಳಾ. "ದ್ಯಾಮಣ್ಣ ಬೀದೀಲಿ ಮಲಗಿದ್ದು ಅದ್ರಲ್ಲೈತೆ. ಸಾಬ್ರ ಬಳೆ ಅದ್ರಲ್ಲೈತೆ. ನಮ್ಮ ಹಟಕ್ಕೆ ಇವ್ರದ್ದೂ ಕೊಳೀಬೇಕಾ? ನಿಮ್ಮ ಹೆಸರೇ ಹಾಕ್ಸಿ ಬಿಡ್ರಿ."

"ನಿಮ್ಮದ್ದಿಲ್ದೆ ನನ್ನ ಹೆಸರು ಹಾಕ್ಸಿ, ಮೊಮ್ಮಗಳ ಮುಂದೆ ಏನಂತ ಕೂರ್ಲಿ? ನಿನ್ನ ಆ ಮನೆ ಅಜ್ಜಿ ಅಡುಗೆ ಮಾಡ್ತಿದ್ಲು, ನಾನು ಸಿನಿಮಾ ಮಾಡ್ತಿದ್ದೆ ಅಂತಾನಾ? ನಿಮ್ಮ ಅಡುಗೆ ಉಂಡೋರು ಯಾರೂ ನಂಬಲ್ಲ."

ರೋಸ್ಲಿನ್ ನಕ್ಕರು. ಸರ್ವಮಂಗಳಾ ನಗಲಿಲ್ಲ, ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಇಮಾಮ್ ಸಾಬರು ನನ್ನ ಕಡೆ ತಿರುಗಿ, "ಪೇಪರ್ನೋರೆ, ಆ ನಿಯಮ ಇನ್ನೊಂದು ಸಲ ಓದ್ರಿ" ಎಂದರು. ಬರೆದುಕೊಂಡಿದ್ದನ್ನು ಓದಿದೆ.

"ಹೆಸರು ಹೋಗೋದು ಬೆಳಗಾಗೋಷ್ಟ್ರಲ್ಲಿ. ಬಾಗ್ಲು ತೆಗೆಯೋದು ಹತ್ತಕ್ಕೆ" ಎಂದರು ಸಾಬರು. "ಮಧ್ಯ ಮೂರೂವರೆ ಗಂಟೆ ಖಾಲಿ ಐತಲ್ಲ."

ನಾನು ನಿಯಮಗಳ ಪುಸ್ತಕವನ್ನು ತರಿಸಿ ಹದಿನಾಲ್ಕು ನಿಯಮಗಳನ್ನೂ ಎರಡು ಸಲ ಓದಿದೆ. ಚೀಟಿಯ ಮೇಲೆ ಮತ್ತೆ ಬರೆಯಬಾರದು ಎಂದು ಎಲ್ಲಿಯೂ ಇರಲಿಲ್ಲ. ಯಾಕೆ ಇರುತ್ತದೆ? ಹೋದ ಹೆಸರನ್ನು ಮತ್ತೆ ಬರೆಯಬಹುದು ಎಂದು ನಮ್ಮ ಊರಿನಲ್ಲಿ ಯಾರೂ ಯೋಚಿಸಿರಲಿಲ್ಲ. ನಾವು ಎಲ್ಲರೂ, ನನ್ನನ್ನೂ ಸೇರಿಸಿ, ಉಳಿಯುವ ಉಪಾಯವನ್ನೇ ಹುಡುಕಿದ್ದೆವು. ಒಮ್ಮೆ ಹೋದದ್ದನ್ನು ಹೋಯಿತು ಎಂದೇ ಒಪ್ಪಿಕೊಂಡಿದ್ದೆವು.

ಏಳು ಪೆಟ್ಟಿಗೆಗಳು ತಂಪು ಕೋಣೆ ಸೇರಿದವು. ಏಳು ಚೀಟಿಗಳ ಮೇಲೆ ಎರಡೆರಡು ಹೆಸರು ಬರೆದೆವು. ಮರುದಿನ ಒಂಬತ್ತಕ್ಕೆ, ಗುಡಿಸುವವರಿಗಾಗಿ ಪಡಸಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಹೋದಾಗ ಏಳರಲ್ಲೂ ಎರಡನೆಯ ಹೆಸರು ಇರಲಿಲ್ಲ. ಹಾಲಮ್ಮ ಕೋಲೂರಿಕೊಂಡು ಬಂದಿದ್ದರು. ಕುರ್ಚಿ ಹಾಕಿಸಿಕೊಂಡು ಕುಳಿತು, ಏಳು ಚೀಟಿಗಳಲ್ಲೂ ಸರ್ವಮಂಗಳಾ ಎಂದು ಬರೆದರು. "ಬೀಗ್ತೇರ ಹೆಸರು ಎಂಥಾ ಉದ್ದ" ಎಂದು ನಡುವೆ ಎರಡು ಸಲ ಗೊಣಗಿದರು.

ಹತ್ತಕ್ಕೆ ಓಂಕಾರಪ್ಪ ಬಂದರು. ಚೀಟಿಗಳನ್ನು ಒಂದೊಂದಾಗಿ ಓದಿದರು.

"ನಾಳೆ ಇರಲ್ಲ ಇದು" ಎಂದರು.

"ನಾಳೆ ಬರೀತೀವಿ."

"ನಾಡಿದ್ದು?"

"ನಾಡಿದ್ದೂ ಬರೀತೀವಿ."

"ಹಿಂಗೆ ಎಷ್ಟು ದಿನ ಅಮ್ಮಾ?"

"ಕೋಣೆ ಎಷ್ಟು ದಿನ ತೆಗೀತೀರಿ?" ಎಂದರು ಹಾಲಮ್ಮ.

ಓಂಕಾರಪ್ಪ ನಿಯಮದ ಪುಸ್ತಕ ತೆಗೆಸಿದರು. ನಾನು ಎದುರಿಗೇ ನಿಂತಿದ್ದೆ. ಒಂಬತ್ತನೆಯ ನಿಯಮವನ್ನು ಬೆರಳಿಟ್ಟು ಓದಿ, ಗಡಿಯಾರ ನೋಡಿ, ಪುಸ್ತಕ ಮುಚ್ಚಿದರು. ಆ ದಿನ ಏಳು ಚಿತ್ರಗಳಿಗೂ ಇಬ್ಬರು ನಿರ್ದೇಶಕರಿದ್ದರು.

ಇದಾಗಿ ಮೂರು ವರ್ಷ ಎರಡು ತಿಂಗಳಾಯಿತು. ಪುರಸಭೆಗೆ ವಾರದಲ್ಲಿ ಆರು ದಿನ ಕೆಲಸ, ನಾವು ಆರು ಜನ. ಸೋಮವಾರ ಹಾಲಮ್ಮ, ಮಂಗಳವಾರ ಸರ್ವಮಂಗಳಾ, ಬುಧವಾರ ದ್ಯಾಮಣ್ಣ, ಗುರುವಾರ ನಾನು, ಶುಕ್ರವಾರ ರೋಸ್ಲಿನ್, ಶನಿವಾರ ಇಮಾಮ್ ಸಾಬರು. ಒಬ್ಬರ ಹೆಸರೇ ಯಾವಾಗಲೂ ಅಳಿಯಬಾರದೆಂದು ಪ್ರತಿ ತಿಂಗಳ ಒಂದನೇ ತಾರೀಖು ಹೊಸ ಚೀಟಿ ಹಾಕಿ ಹೆಸರುಗಳ ಕ್ರಮ ತಿರುಗಿಸುತ್ತೇವೆ. ಊರಿನಲ್ಲಿ ಕೆಲವರು ಇದನ್ನು ಹುಚ್ಚು ಎಂದರು. ಹಳೆಯ ಬಸ್ ನಿಲ್ದಾಣದ ಎದುರು 'ಮತ್ತು ಕಂಪನಿ' ಎಂದಿದ್ದ ಒಂದು ಸೈಕಲ್ ಅಂಗಡಿಯ ಫಲಕದಲ್ಲಿ ಈಗ ಎರಡು ಹೆಸರಿವೆ. ಎರಡನೆಯದನ್ನು ಪಾಲುದಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಇಂಥ ಫಲಕಗಳನ್ನು ಹೋದ ವಾರ ಎಣಿಸಿದೆ. ಮೂವತ್ತೊಂದು ಇದ್ದವು.

ಹೋದ ಗುರುವಾರ ಪತ್ರಿಕೆಯ ಮುದ್ರಣ ಯಂತ್ರ ಕೆಟ್ಟು ನಿಂತಿತು. ನಾನು ಅಲ್ಲಿಂದ ಬಿಡಿಸಿಕೊಂಡು ಪುರಸಭೆ ತಲುಪಿದಾಗ ಹತ್ತು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಮೂರು ವರ್ಷದಲ್ಲಿ ನಾವು ತಪ್ಪಿದ್ದು ಅದೊಂದೇ ಸಲ. ಮೆಟ್ಟಿಲು ಹತ್ತುವಾಗಲೇ, ಆ ದಿನದ ಮಟ್ಟಿಗೆ ಏಳೂ ಚಿತ್ರಗಳು ಒಬ್ಬರವಾಗಿ ಹೋದವು, ಅದೂ ನನ್ನ ಕೈಯಿಂದಲೇ ಎರಡನೆಯ ಸಲ ಎಂದುಕೊಂಡೆ. ಪಡಸಾಲೆಯಲ್ಲಿ ಓಂಕಾರಪ್ಪ ಬೆನ್ನು ಹಾಕಿ ನಿಂತು ಬೀಗದ ಕೈ ಒರೆಸುತ್ತಿದ್ದರು. ಏಳು ಚೀಟಿಗಳಲ್ಲೂ ಎರಡು ಹೆಸರಿದ್ದವು. ಎರಡನೆಯದು ನೀಲಿ ಮಸಿಯಲ್ಲಿ, ಕಡತಗಳಲ್ಲಿ ಕಾಣುವ ಓರೆ ಅಕ್ಷರಗಳಲ್ಲಿ.

"ಯಾರು ಬರೆದದ್ದು?" ಎಂದು ಕೇಳಿದೆ.

"ಹತ್ತಕ್ಕೆ ಬಾಗ್ಲು ತೆಗೆದಾಗ ಹಂಗೇ ಇತ್ತು ಸಾರ್" ಎಂದರು ಅವರು, ತಿರುಗದೆ. "ಚೀಟೀಲಿ ಇರೋದನ್ನ ಓದೋದಷ್ಟೇ ನನ್ನ ಕೆಲಸ."

ಹತ್ತಿರ ಹೋಗಿ ನೋಡಿದೆ. ಏಳು ಕಡೆಯೂ ಸರ್ವಮಂಗಳ ಎಂದಿತ್ತು. ಕೊನೆಗೆ ದೀರ್ಘವಿರಲಿಲ್ಲ. ನಾನು ಪೆನ್ನು ತೆಗೆದು, ಏಳು ಚೀಟಿಗಳಲ್ಲೂ ದೀರ್ಘ ಹಾಕಿದೆ. ಓಂಕಾರಪ್ಪ ಪಕ್ಕಕ್ಕೆ ಬಂದು ನಿಂತು, ಪ್ರತಿಯೊಂದನ್ನೂ ನಾನು ಮುಗಿಸುವವರೆಗೆ ನೋಡಿದರು.